ಸಣ್ಣಗೆ ಉರಿದ ಗಿಟಾರ್ ಪೆಟ್ಟಿಗೆ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದೆ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನೊಬ್ಬ ತೀರಿಕೊಂಡ. ಅವನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಮುಂದೆ ಭಜನೆಗೆ ಕುಳಿತಿದ್ದರು. ಮೈಕನ್ನು ಅವನದೇ ಗಿಟಾರಿನ ಅಂಪ್ಲಿಫಾಯರಿಗೆ ಜೋಡಿಸಿದ್ದರು. ಅದರೊಳಗಿನ ವಾಲ್ವುಗಳು, ಬಲ್ಬಿನಂಥ ಗಾಜಿನ ಬುರುಡೆಗಳು, ಕೆಂಡದಂತಾಗಿವೆ ಎಂದು ನನ್ನನ್ನು ಕರೆಸಿದರು.

ಹಾಡಿಲ್ಲದಾಗಲೂ ವಾಲ್ವಿನಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತಿರುತ್ತದೆ. ಅದು ಅತಿಯಾದರೆ ವಾಲ್ವ್ ಸುಟ್ಟೇಹೋಗುತ್ತದೆ. ಹದಕ್ಕೆ ತರಲು ಒಂದು ಸ್ಕ್ರೂ ಉಂಟು. ಅದನ್ನು ತಿರುಗಿಸುವಾಗ ಒಳಗೆ ದನಿ ಹೋಗಬಾರದು.

“ಭಜನಿ ಸ್ವಲ್ಪ ನಿಲ್ಲಸ್ರಿ,” ಅಂದುಬಿಟ್ಟೆ.

ತಾಳ ಹಿಡಿದಿದ್ದ ಹಿರಿಯರು ಕೆಕ್ಕರಿಸಿ ನೋಡಿದರು. “ಹೆಣ ಎತ್ತೂತನಕ ಭಜನಿ ನಿಲ್ಲಂಗಿಲ್ಲ. ನಿನ್ನ ಪೆಟಗಿ ನಿಲ್ಲಸು.”

ವಾಲ್ಯೂಮ್ ಪೂರ್ತಿ ಇಳಿಸಿದೆ. ಭಜನೆ ಬರಿಗಂಟಲಲ್ಲೇ ಮುಂದುವರಿಯಿತು. ಮೀಟರ್ ನೋಡುತ್ತ ಸ್ಕ್ರೂ ತಿರುಗಿಸಿದೆ. ಕೆಂಪು ಇಳಿದು, ವಾಲ್ವಿನ ನಡುವೆ ಸಣ್ಣ ಬೆಳಕಷ್ಟೇ ಉಳಿಯಿತು. ದನಿ ಏರಿಸಲು ಕೈ ಹಾಕಿದಾಗ ತೀರಿಕೊಂಡವನ ತಾಯಿ ತಡೆದಳು.

“ಬ್ಯಾಡ ತಮ್ಮಾ. ದನಿ ಇಳಸೋ ಅಂತ ದಿನಾ ಬೈತಿದ್ನಿ, ಕೇಳ್ತಿದ್ದಿಲ್ಲ. ಇವತ್ತೊಂದಿನಾರ ನನ್ನ ಮಾತು ನಡೀಲಿ.”

“ಹಂಗಾರ ಬಂದ್ ಮಾಡ್ಲೇನ್ರಿ, ಅವ್ವಾರ?”

“ಬಂದ್ ಮಾಡಬ್ಯಾಡ. ಅವನ ಬಾಜೂಕ ಉರೀಲಿ.”

ಪಿಟ್ಟೆನ್ನದ ಅಂಪ್ಲಿಫಾಯರಿಗೆ, ಹೆಣ ಎತ್ತುವವರೆಗೆ ಕಾವಲು ಕೂತ ರಿಪೇರಿಯವನು ನಾನೊಬ್ಬನೇ ಇರಬೇಕು.