ಪ್ರದರ್ಶನದ ದಿನದಿಂದ ಹಿಂದಕ್ಕೆ

ನಮ್ಮ ಶಾಲೆಯಲ್ಲಿ ಪಾಠದ ಯೋಜನೆಯನ್ನು ಕೊನೆಯಿಂದ ಶುರುಮಾಡುವ ಪದ್ಧತಿ. ಜೂನ್‌ನಲ್ಲಿ ಮಕ್ಕಳು ಬರುವ ಮೊದಲೇ ಸೆಪ್ಟೆಂಬರಿನ ಪ್ರದರ್ಶನದ ದಿನ ಗೊತ್ತಾಗಿರುತ್ತದೆ. ಅವತ್ತು ಅಪ್ಪ ಅಮ್ಮಂದಿರು ಬರುತ್ತಾರೆ, ಪ್ರತಿ ಮಗುವೂ ಒಂದು ಚಾರ್ಟಿನ ಪಕ್ಕ ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳುತ್ತದೆ. ಏನೇನು ಹೇಳಿಸಬೇಕೆಂದು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಬರುತ್ತಾ ವಾರವಾರದ ಪಾಠ ತುಂಬಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಾವು ಇನ್ನೂ ಒಂದು ಹೆಜ್ಜೆ ಮುಂದೆ. ಕುಲಾವಿಯ ಅಳತೆಗೆ ಕೂಸನ್ನೇ ಕತ್ತರಿಸುವವರು. ನಾನು ಅಲ್ಲಿ ಮೂರು, ನಾಲ್ಕು, ಐದನೇ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ.

ಶಾಲೆ ಇರುವುದು ಬಾಗಲಗುಂಟೆಯಲ್ಲಿ. ಕೊಡಿಗೇಹಳ್ಳಿಯ ನನ್ನ ಮನೆಯಿಂದ ಬಸ್ಸು ಬದಲಾಯಿಸಿ ಹೋಗಬೇಕು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೇಕಾದಷ್ಟು ಯೋಚನೆ ಮಾಡಬಹುದು. ಈ ವರ್ಷ ಹಾಗೆ ಯೋಚಿಸಿಯೇ ಕೆಟ್ಟೆ. ಪ್ರತಿ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಮಕ್ಕಳು ತಮ್ಮ ಮನಸ್ಸಿಗೆ ಬಂದದ್ದನ್ನು ಮಾತಾಡಲಿ, ತಪ್ಪಾಗಲಿ, ಕನ್ನಡ ಬೆರೆಯಲಿ, ಯಾರೂ ತಿದ್ದುವುದು ಬೇಡ ಎಂದು ಯೋಜನೆಯಲ್ಲಿ ಬರೆದೆ. ನಮ್ಮ ಕೋಆರ್ಡಿನೇಟರ್ ನನಗಿಂತ ತುಂಬ ಚಿಕ್ಕವಳು, ಒಳ್ಳೆಯ ಹುಡುಗಿ, ಮೇಲಿನವರಿಗೆ ಉತ್ತರ ಹೇಳಬೇಕಾದವಳು. ಓದಿ ತಲೆ ಕೆರೆದುಕೊಂಡಳು.

“ಮ್ಯಾಮ್, ಇದ್ರಲ್ಲಿ ಔಟ್‌ಪುಟ್ ಏನು? ಪೇರೆಂಟ್ಸ್‌ಗೆ ಏನ್ ತೋರ್ಸೋದು?”

“ಮಕ್ಕಳು ಮಾತಾಡ್ತಾರಲ್ಲಮ್ಮಾ.”

“ಏನ್ ಮಾತಾಡ್ತಾರೆ ಅಂತ ಗೊತ್ತಿರ್ಬೇಕಲ್ವಾ ಮ್ಯಾಮ್?”

ಕೊನೆಗೆ, ಪ್ರದರ್ಶನಕ್ಕೆ ತೊಂದರೆ ಆಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ನನಗೆ ಹುಚ್ಚು ಖುಷಿ.

ಆ ಜೂನ್‌ನಲ್ಲೇ ನಾಲ್ಕನೇ ತರಗತಿಗೆ ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಸೇರಿದಳು. ಅವಳಪ್ಪನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಅವಳ ಬಾಯಿಗೆ ಬೀಗವೇ ಇರಲಿಲ್ಲ. ಹಾಜರಿ ಕರೆಯುವಾಗ ಮಾತು, ಸಾಲಿನಲ್ಲಿ ನಿಂತಾಗ ಮಾತು, ಬಾಯಲ್ಲಿ ಚಪಾತಿ ಇಟ್ಟುಕೊಂಡೂ ಮಾತು. ಹತ್ತು ನಿಮಿಷದ ಮಾತುಕತೆ ಶುರುವಾದ ಎರಡನೇ ವಾರ ಅವಳೇ ಎದ್ದು ನಿಂತು ತನ್ನ ಇಂಗ್ಲಿಷಿನಲ್ಲಿ ಒಂದು ಕಥೆ ಹೇಳಿದಳು.

“ಮಿಸ್, ಟ್ಯಾಂಕ್ ಫುಲ್. ಮೋಟರ್ ನಾಟ್ ಆಫ್. ಓನರ್ ಅಂಕಲ್ ಡೌನ್ ಸ್ಟ್ಯಾಂಡಿಂಗ್. ವಾಟರ್ ಧಡಲ್ ಅಂತ ಹೆಡ್ ಮ್ಯಾಲ! ಅಂಕಲ್ ಆಂಗ್ರಿ, ಮಮ್ಮಿ ಲಾಫಿಂಗ್ ಲಾಫಿಂಗ್.”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಮೂಲೆಯಲ್ಲಿ ಕೂರುವ ಹುಡುಗನೂ ಕೈ ಎತ್ತಿ ತಮ್ಮ ಮನೆಯ ಟ್ಯಾಂಕಿನ ಸುದ್ದಿ ಹೇಳಿದ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಒಂದು ಮಗು ಇಂಗ್ಲಿಷಿನಲ್ಲಿ ನನ್ನನ್ನು ನಗಿಸಿದ್ದು ಅದೇ ಮೊದಲು. ಮನೆಗೆ ಹೋಗುವ ಬಸ್ಸಿನಲ್ಲೂ ನಗುತ್ತಿದ್ದೆ. ಈ ಹುಡುಗಿ ಕಲಿತೇ ಕಲಿಯುತ್ತಾಳೆ, ಇವಳನ್ನು ಯಾರೂ ತಡೆಯಲಾರರು ಅಂದುಕೊಂಡೆ. ತಡೆಯುವವರು ಸ್ಟಾಫ್ ರೂಮಿನಲ್ಲೇ ಕೂತಿದ್ದರು, ನನ್ನನ್ನೂ ಸೇರಿಸಿ.

ಈ ವರ್ಷದ ಪ್ರದರ್ಶನದ ವಿಷಯ ‘ನೀರು’, ಜುಲೈ ಮುಗಿಯುವ ಹೊತ್ತಿಗೆ ಚಾರ್ಟುಗಳನ್ನು ಮಕ್ಕಳಿಗೆ ಹಂಚಿದ್ದಾಯಿತು. ನೀರು ಆವಿಯಾಗಿ, ಮೋಡವಾಗಿ, ಮಳೆಯಾಗುವ ಚಾರ್ಟು ಆ ಹುಡುಗಿಯ ಪಾಲಿಗೆ ಬಂತು. ನೆನಪಿನ ಶಕ್ತಿ ಚೆನ್ನಾಗಿದೆ, ದನಿ ಗಟ್ಟಿಯಿದೆ ಎಂದು ಕೋಆರ್ಡಿನೇಟರೇ ಆರಿಸಿದ್ದಳು. ಮೊದಲು ಹತ್ತು ನಿಮಿಷದಲ್ಲಿ ಐದು ನಿಮಿಷ ಅಭ್ಯಾಸಕ್ಕೆ ಹೋಯಿತು. ಒಂಟೆಗೆ ಡೇರೆಯಲ್ಲಿ ತಲೆ ಇಡಲು ಜಾಗ ಕೊಟ್ಟ ಹಾಗೆ, ಆಗಸ್ಟಿನಲ್ಲಿ ಇಡೀ ಪೀರಿಯಡ್ಡೇ ಹೋಯಿತು. ಜಗಳವಾಡಿದೆ, ನಿಜ. “ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ ಮ್ಯಾಮ್, ಆಮೇಲೆ ನಿಮ್ದೇ ಕ್ಲಾಸು” ಅಂದಳು ಕೋಆರ್ಡಿನೇಟರ್. ಗೋರ್ಕಲ್ಲ ಮೇಲೆ ಮಳೆ. ನಾನೂ ಸುಸ್ತಾಗಿ ಸುಮ್ಮನಾದೆ.

ಆ ಹುಡುಗಿ ತನ್ನ ಸಾಲುಗಳನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. ಆಮೇಲೆ ಶುರುವಾಯಿತು ತಿದ್ದುವ ಕೆಲಸ. ಕೈ ಇಲ್ಲಿಡು, ಅಲ್ಲಿ ನಿಲ್ಲಿಸು, ಚಾರ್ಟ್ ತೋರಿಸು, ಕನ್ನಡದ ರಾಗ ಬರಬಾರದು. ಒಂದು ದಿನ ಅಭ್ಯಾಸದ ಮಧ್ಯೆ ಅವಳು, “ಮಿಸ್, ನಮ್ಮೂರಾಗ ಮಳಿ ಬಂದ್ರ…” ಎಂದು ಏನೋ ಹೇಳಲು ಹೋದಳು. “ನಾಟ್ ನೌ” ಎಂದು ಕೋಆರ್ಡಿನೇಟರ್ ಬೆರಳು ತುಟಿಗಿಟ್ಟಳು. ಸೆಪ್ಟೆಂಬರ್ ಬರುವಷ್ಟರಲ್ಲಿ ಹುಡುಗಿ ತೀರಾ ಶಿಸ್ತಿನವಳಾಗಿದ್ದಳು. ಅವಳು ಎಷ್ಟು ಸುಧಾರಿಸಿದ್ದಾಳೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು.

ಪ್ರದರ್ಶನದ ದಿನ ಅವಳಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಶಿಫ್ಟ್ ಬದಲಾಯಿಸಿಕೊಂಡು. ಮಗಳು ಒಂದಕ್ಷರ ತಪ್ಪದೆ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು, ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಕಣ್ಣು ತೇವವಾಗಿತ್ತು.

“ನಂಗ ಒಂದೂ ತಿಳೀಲಿಲ್ರೀ ಮೇಡಂ,” ಅಂದರು ನಗುತ್ತಾ. “ಆದ್ರ ಭಾಳ ಚಂದ ಅಂದ್ಲು. ಮೊದ್ಲು ಮನ್ಯಾಗ ಒಂದ್ಸಮ ಮಾತಾಡ್ತಿದ್ಲು, ಈಗ ಸುಮ್ನ ಕುಂದರ್ತಾಳ. ಇಂಗ್ಲಿಷ್ ಬಂದದ ಅದಕ್ಕ ಅಂತಾಳ ಅವರವ್ವ.”

ನಾನು ತಲೆಯಾಡಿಸಿದೆ.

“ಇನ್ನೊಂದೆರಡು ಮಾತು ನೀವ ಕೇಳ್ರಿ ಮೇಡಂ, ಇಂಗ್ಲಿಷ್‌ನ್ಯಾಗ. ಟೀಚರ್ ಜೋಡಿ ಮಾತಾಡೂದು ನೋಡ್ತೀನಿ.”

ಆಗಲೂ ಒಂದು ಆಸೆ ಇತ್ತು ನನಗೆ. ತಪ್ಪುತಪ್ಪಾಗಿಯಾದರೂ ಏನಾದರೂ ಹೇಳುತ್ತಾಳೆ, ಮೊದಲಿನ ಹಾಗೆ ಕನ್ನಡ ತುರುಕಿಯಾದರೂ ಹೇಳುತ್ತಾಳೆ. ಇರುವುದರಲ್ಲಿ ಸುಲಭದ್ದನ್ನೇ ಕೇಳಿದೆ. “ಹೂ ಕೇಮ್ ವಿತ್ ಯು ಟುಡೇ?” ಅಪ್ಪನ ಕಡೆ ಕೈಯನ್ನೂ ತೋರಿಸಿದೆ.

ಹುಡುಗಿ ಚಾರ್ಟು ನೋಡಿದಳು, ನನ್ನನ್ನು ನೋಡಿದಳು. ಪ್ರಶ್ನೆ ಅವಳಿಗೆ ಅರ್ಥವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ದನಿ ತಗ್ಗಿಸಿ, ಯಾರಿಗೂ ಕೇಳಬಾರದೆಂಬಂತೆ ಅಂದಳು:

“ಮಿಸ್, ಇದು ನೀವು ಕೊಟ್ಟಿಲ್ರೀ.”

ಅಪ್ಪನಿಗೆ ಕೇಳಿಸಿತು. ಬೇಸರಪಟ್ಟುಕೊಳ್ಳಲಿಲ್ಲ. “ಕೊಡ್ರಿ ಮೇಡಂ, ಕೊಟ್ರ ಅಂತಾಳ. ಶಾಣ್ಯಾ ಅದಾಳ” ಎಂದು ಮತ್ತೆ ಫೋನು ಎತ್ತಿ ಹಿಡಿದರು.

ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಒಮ್ಮೆ ಹೇಳಿದ್ದಕ್ಕೇ ಹಿಡಿದುಕೊಂಡಳು. ಕಾಲು ಜೋಡಿಸಿ ನೆಟ್ಟಗೆ ನಿಂತು, ಎದುರಿನ ಗೋಡೆ ನೋಡುತ್ತಾ, ಕನ್ನಡದ ರಾಗ ಎಳ್ಳಷ್ಟೂ ಇಲ್ಲದೆ, ಪಕ್ಕದಲ್ಲೇ ಇದ್ದ ಅಪ್ಪನ ಕಡೆ ಒಮ್ಮೆಯೂ ತಿರುಗದೆ ಹೇಳಿದಳು, “ಮೈ ಫಾದರ್ ಕೇಮ್ ವಿತ್ ಮಿ ಟುಡೇ.”