ಅಣ್ಣ ಕೊಟ್ಟ ಬಾಟಲಿ

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಪಾಲಿಗೆ ಹಿತ್ತಲ ಗಿಡವೇ ಮದ್ದಾಗಿತ್ತು. ಶಹಾಪುರದಲ್ಲಿ ನನ್ನ ಅಣ್ಣನದು ಔಷಧದ ಅಂಗಡಿ. ಸುರಪುರದ ನಮ್ಮ ಮನೆಯಲ್ಲಿ ಯಾರು ಸೀನಿದರೂ ಮೊದಲು ಅವನಿಗೇ ಫೋನು.

ಏಳು ವರ್ಷದ ಮಗಳಿಗೆ ಒಣಕೆಮ್ಮು ಹಿಡಿದಾಗಲೂ ಹಾಗೆಯೇ ಆಯಿತು. ಅಣ್ಣ ಕೊಟ್ಟ ಆಂಟಿಬಯೋಟಿಕ್ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಮೈ ಬೆಚ್ಚಗಿದ್ದರೂ ಹುಡುಗಿ ಕುಂಟೆಬಿಲ್ಲೆ ಆಡುತ್ತಿದ್ದಳು, ಅದಕ್ಕೇ ನಾನು ಸುಮ್ಮನಿದ್ದೆ. ಮೂರನೆಯ ವಾರ ನಾಲ್ಕು ಮೆಟ್ಟಿಲು ಹತ್ತಿ ತೇಕಿದಳು. ಯಾದಗಿರಿಯ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಅವರು ಗಡಿಯಾರ ನೋಡುತ್ತ ಅವಳ ಉಸಿರು ಎಣಿಸಿದರು, ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ನೋಡಿದರು, ಎಕ್ಸರೇ ತೆಗೆಸಿದರು.

"ನ್ಯುಮೋನಿಯಾ ಅದರಿ. ಮೈಕೋಪ್ಲಾಸ್ಮಾ ಅನ್ನೋ ಕ್ರಿಮಿದು ಇದ್ದಂಗ ಕಾಣಸ್ತದ. ನೀವು ಮೊದಲ ಕೊಟ್ಟ ಔಷಧ ಕ್ರಿಮಿ ಮೈಸುತ್ತ ಇರೋ ಗ್ವಾಡಿ ಒಡದು ಕೊಲ್ಲತದ. ಇದಕ್ಕ ಗ್ವಾಡಿನ ಇಲ್ಲ, ಏನು ಒಡಿತದರಿ?"

ತೂಕ ನೋಡಿ ಬೇರೆ ಔಷಧ ಬರೆದರು. ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ನೀರು ಕುಡಿಯದಿದ್ದರೆ, ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯಬೇಡಿ, ಎರಡು ದಿನದಲ್ಲಿ ಜ್ವರ ಇಳಿಯದಿದ್ದರೂ ಬನ್ನಿ ಎಂದರು.

ಆಸ್ಪತ್ರೆಯ ಬಾಗಿಲಲ್ಲೇ ಎರಡು ಔಷಧದಂಗಡಿಗಳಿದ್ದವು. ಒಡಹುಟ್ಟಿದವನಿರುವಾಗ ಬೇರೆಯವರ ಹಂಗೇಕೆ ಎಂದು ಶಹಾಪುರದಲ್ಲಿ ಬಸ್ಸಿಳಿದೆ. ಅಣ್ಣ ಚೀಟಿ ಓದಿದ, ಮಗಳ ಗಲ್ಲ ಹಿಂಡಿದ, ಬಾಟಲಿ ಕೊಟ್ಟ. ದಿನವಿಡೀ ಮಕ್ಕಳ ಕಾಪಿ ತಿದ್ದುವ ಶಿಕ್ಷಕಿ ನಾನು, ಆ ಬಾಟಲಿಯ ಮೇಲಿನ ಹೆಸರು ಓದಲಿಲ್ಲ. ಅಣ್ಣ ಕೊಟ್ಟದ್ದನ್ನು ಯಾರು ಓದಿ ನೋಡುತ್ತಾರೆ?

ಮೊದಲ ಗುಟುಕಿಗೇ ಮಗಳು ಹೇಳಿದ್ದಳು, "ಅವ್ವಾ, ಇದು ಮೊದಲಿನ ಔಷಧದ ರುಚಿನ ಅದ."

"ಮಾಮಾ ಕೊಟ್ಟಾನ, ಸುಮ್ಮನ ಕುಡಿ" ಎಂದು ಗದರಿದೆ.

ಎರಡು ದಿನ ಕಳೆದರೂ ಜ್ವರ ಇಳಿಯಲಿಲ್ಲ, ಪಕ್ಕೆ ಎಳೆಯತೊಡಗಿತು. ಮತ್ತೆ ಯಾದಗಿರಿಗೆ ಓಡಿದೆ. ಡಾಕ್ಟರಮ್ಮ ಬಾಟಲಿಯನ್ನು ತಿರುಗಿಸಿ ನೋಡಿದರು. "ನಾ ಬರದದ್ದು ಇದಲ್ಲರಿ. ಇದು ಆ ಹಳೇ ಔಷಧನ, ಕಂಪನಿ ಬ್ಯಾರೆ ಅಷ್ಟ." ಮಗಳನ್ನು ಅಲ್ಲೇ ದಾಖಲು ಮಾಡಿಕೊಂಡು ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು.

ವರಾಂಡದಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿದೆ.

"ಆ ಔಷಧ ಖಾಲಿ ಆಗಿತ್ತು. ನನ್ನ ತಂಗೀನ್ನ ಬ್ಯಾರೆಯವರ ಅಂಗಡಿಗೆ ಹೆಂಗ ಕಳಸಲಿ? ಎರಡೂ ಆಂಟಿಬಯೋಟಿಕ್ ಅಲ್ಲೇನು?"

"ನನಗ ಹೇಳಬೇಕಿತ್ತಲ್ಲ, ಅಣ್ಣಾ."

"ಹೇಳಿದ್ರ ನೀ ಎದುರಿನ ಅಂಗಡಿಗೆ ಹೋಗಿಬಿಡ್ತಿದ್ದಿ."

ಫೋನು ಕತ್ತರಿಸಿದೆ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೇನೋ. ಇವನು ಚೀಟಿ ಓದಿ, ಅದಲ್ಲವೆಂದು ಗೊತ್ತಿದ್ದೂ ನನ್ನ ಮುಖ ನೋಡಿ ನಕ್ಕು ಕೊಟ್ಟಿದ್ದ. ತನ್ನ ಅಂಗಡಿಯ ಮರ್ಯಾದೆಗೆ ನನ್ನ ಮಗಳ ಉಸಿರು.

ಬರೆದ ಔಷಧವೇ ಹೊಟ್ಟೆಗೆ ಬಿದ್ದ ಮೂರನೆಯ ದಿನ ಜ್ವರ ಬಿಟ್ಟಿತು. ಕೆಮ್ಮು ಹೋಗಲು ಇನ್ನೂ ಕೆಲವು ವಾರ ಹಿಡಿಯಿತು.

ನಾಗರ ಪಂಚಮಿಗೆ ಅಣ್ಣ ನಮ್ಮನ್ನು ತವರಿಗೆ ಕರೆಯಲು ಬಂದ, ಏನೂ ಆಗಿಯೇ ಇಲ್ಲವೆಂಬಂತೆ. ಮಗಳ ಕೈಗೆ ಮಿಠಾಯಿ ಅಂಗಡಿಯಿಂದ ತಂದ ಎಳ್ಳುಂಡೆಯ ಡಬ್ಬಿ ಕೊಟ್ಟ. ಅವಳು ಅದನ್ನು ತೆರೆಯದೆ ನನ್ನ ಹತ್ತಿರ ತಂದಳು.

"ಅವ್ವಾ, ಮೊದಲ ಏನ್ ಬರದದ ಓದು."

ನಾನು ಅವಳನ್ನು ಗದರುತ್ತೇನೆಂದು ಅಣ್ಣ ನನ್ನ ಮುಖ ನೋಡುತ್ತ ನಿಂತ. ನಾನು ಕನ್ನಡಕ ಹಾಕಿಕೊಂಡು ಓದಿದೆ.