ಸೊಪ್ಪಿನ ಮೇಲೆ ನಿಂತ ಕುದುರೆ

ನನ್ನ ಗಂಡನ ಮನೆಯವರು ಕುದುರೆ ಸಾಕಿದ್ದು ದನ ಸಾಕಿದ ಹಾಗೆ. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಿ ಊರು ಮುಳುಗುವವರೆಗೂ ಗೇಣಿಗದ್ದೆ ಮಾಡಿಕೊಂಡು, ಕೊಟ್ಟಿಗೆ ತುಂಬ ದನ ಇಟ್ಟುಕೊಂಡಿದ್ದ ಜನ. ನೀರು ಬಂದ ಮೇಲೆ ದನಗಳನ್ನೆಲ್ಲ ಅವರಿವರಿಗೆ ಕೊಟ್ಟು ಸಾಗರ ಪೇಟೆಯ ಅಂಚಿಗೆ ಬಂದು ನಿಂತರು. ನನ್ನ ಗಂಡ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯಲು ಶುರುಮಾಡಿದರು. ಹೊಸನಗರದ ಕಡೆಯಿಂದ ಮದುವೆಯಾಗಿ ಬಂದ ನಾನು ಆ ಮನೆಯಲ್ಲಿ ಕಂಡ ಆಸ್ತಿ ಎಂದರೆ ಒಂದು ಕಂದು ಬಣ್ಣದ ಹೆಣ್ಣುಕುದುರೆ, ಒಂದು ಗಾಡಿ, ಹಿತ್ತಲಲ್ಲೊಂದು ಕೊಟ್ಟಿಗೆ. ಅತ್ತೆಯ ನಾಲಿಗೆಯನ್ನೂ ಸೇರಿಸಿದರೆ ಇನ್ನೊಂದು.

ದನ ಹೋದರೂ ಅತ್ತೆಯ ಕೈ ದನದ ಕೆಲಸ ಮರೆತಿರಲಿಲ್ಲ. ಬೆಳಿಗ್ಗೆ ಎದ್ದವರೇ ಕತ್ತಿ ಹಿಡಿದು ಬೆಟ್ಟಕ್ಕೆ ಹೋಗಿ ಹಸಿ ಸೊಪ್ಪು ಕಡಿದು, ಹೊರೆ ಹೊತ್ತು ತಂದು ಕುದುರೆಯ ಕಾಲಡಿಗೆ ಹಾಸುತ್ತಿದ್ದರು. ನಮ್ಮ ಕಡೆ ದನದ ಕೊಟ್ಟಿಗೆಗೆ ಹಾಗೆಯೇ ಮಾಡುವುದು. ದಿನಾ ಸೊಪ್ಪು ಹಾಸಬೇಕು, ಸಗಣಿ ಗಂಜಲ ಅದರಲ್ಲೇ ಸೇರಬೇಕು, ತುಳಿದು ತುಳಿದು ಗೊಬ್ಬರವಾಗಬೇಕು. ಆ ಗೊಬ್ಬರವನ್ನು ಪಕ್ಕದ ತೋಟದವರಿಗೆ ಕೊಟ್ಟರೆ ಕುದುರೆಗೆ ವರ್ಷದ ಹುಲ್ಲು ಬರುತ್ತಿತ್ತು. ಅತ್ತೆ ಕುದುರೆಯನ್ನು "ಕೂಸೇ" ಎಂದು ಕರೆಯುತ್ತಿದ್ದರು. ನನ್ನನ್ನು "ಏ ಇವಳೇ" ಎನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿದ್ದದ್ದು ನಿಜ.

ನಾನು ಬಂದ ಮಳೆಗಾಲದಲ್ಲೇ ಕುದುರೆ ಕುಂಟತೊಡಗಿತು. ಆರಿದ್ರಾ ಮಳೆಯಲ್ಲಿ ಒಂದು ಕಾಲು ಎತ್ತಿ ಎತ್ತಿ ಇಡುತ್ತಿತ್ತು, ಮಘೆ ಮಳೆಯ ಹೊತ್ತಿಗೆ ಗಾಡಿ ಎಳೆಯುವುದಿರಲಿ, ಕೊಟ್ಟಿಗೆಯಿಂದ ಹೊರಗೆ ಬರಲೂ ಹೆದರುತ್ತಿತ್ತು. ಬಯಲುಸೀಮೆಯ ಕುದುರೆ ವ್ಯಾಪಾರಿಯೊಬ್ಬ ಆಗಾಗ ಸಂತೆಗೆ ಬರುತ್ತಿದ್ದ. ದಸರೆ ಕಳೆದು ಬರುವ ಭೂಮಿ ಹುಣ್ಣಿಮೆಯೊಳಗೆ ನಡೆಯದಿದ್ದರೆ ಅವನಿಗೆ ಕೊಟ್ಟುಬಿಡುವುದು ಎಂದು ನನ್ನ ಗಂಡ ತೀರ್ಮಾನಿಸಿದರು. ಕುಂಟು ಕುದುರೆಯನ್ನು ವ್ಯಾಪಾರಿ ಏನು ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಅವತ್ತು ಅತ್ತೆ ಎರಡು ಹೊರೆ ಸೊಪ್ಪು ತಂದರು.

ಆಗ ಊರಿಗೆ ಮೈಸೂರಿನ ಕಡೆಯ ಒಬ್ಬ ಹುಡುಗ ದನದ ಡಾಕ್ಟರಾಗಿ ಬಂದಿದ್ದ. ಕರೆದರೂ ಬರುತ್ತಾನೆ, ಕರೆಯದಿದ್ದರೂ ಬರುತ್ತಾನೆ ಎಂದು ಜನ ನಗುತ್ತಿದ್ದರು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ಅತ್ತೆಯೂ ಅಂದಿದ್ದರು. ಆದರೆ ಆತ ನಮ್ಮ ಕೊಟ್ಟಿಗೆಗೆ ಬಂದು ಕುದುರೆಯ ಕಾಲು ಮಡಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗೊರಸಿನೊಳಗಿನ ಕರಿ ಹೊಲಸನ್ನು ಕೆರೆದು ತೆಗೆದಾಗ ಬಂದ ವಾಸನೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಮೂಸಿದ್ರೇನೇ ಗೊತ್ತಾಗುತ್ತೆ ನೋಡೀಮ್ಮ, ಕೊಳೆತಿದೆ," ಎಂದರು ಡಾಕ್ಟರು. ಗೊರಸಿನ ನಡುವೆ ಇರುವ ಮೆತ್ತನೆಯ ಭಾಗವನ್ನು ಬೆರಳಲ್ಲಿ ತೋರಿಸಿದರು. ಕುದುರೆ ಹೆಜ್ಜೆ ಊರಿದಾಗಲೆಲ್ಲ ಅದು ಒತ್ತಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದಂತೆ. ಕಾಲಿಗೊಂದು ಹೃದಯ ಇದ್ದಂತೆ ಎಂದರು. ಕಾಲೇಜಿನಲ್ಲಿ ಕಲಿತದ್ದು, ಹೊರದೇಶದ ಪುಸ್ತಕಗಳಲ್ಲಿ ಓದಿದ್ದು ಎಲ್ಲವನ್ನೂ ನಮ್ಮ ಕೊಟ್ಟಿಗೆಯಲ್ಲೇ ನಿಂತು ಪಾಠ ಹೇಳಿದರು. ನನಗೆ ಶಾಲೆ ಬಿಟ್ಟ ಮೇಲೆ ಯಾರೂ ಅಷ್ಟು ಬಿಡಿಸಿ ಏನನ್ನೂ ಹೇಳಿರಲಿಲ್ಲ. ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.

ಹಚ್ಚಲು ಮೈಲುತುತ್ತದ ನೀರು ಹೇಳಿದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತ, ಪಕ್ಕದ ತೋಟದವರಲ್ಲೇ ಸಿಕ್ಕಿತು. ಆದರೆ ಔಷಧಿಗಿಂತ ಮುಖ್ಯ, ಕಾಲಡಿ ಒಣಗಿರಬೇಕು ಎಂದರು. ಸೊಪ್ಪು ಪೂರಾ ತೆಗೆದು, ನೆಲ ಎತ್ತರಿಸಿ, ಮೇಲೆ ಅಕ್ಕಿ ಮಿಲ್ಲಿನ ಹೊಟ್ಟು ಹರಡಬೇಕು.

"ಎಂತ ಡಾಕ್ಟ್ರೇ, ನಮ್ಮ ದನ ಎಲ್ಲಾ ಸೊಪ್ಪಿನ ಮೇಲೇ ನಿಂತಿದ್ವಲ್ಲ. ಅವಕ್ಕಿಲ್ಲದ್ದು ಇದಕ್ಕೆ ಎಂತಕ್ಕೆ ಬತ್ತದೆ?" ಎಂದರು ಅತ್ತೆ.

"ದನದ ಕಾಲೇ ಬೇರೆ, ಇದರ ಕಾಲೇ ಬೇರೆ ಅಮ್ಮಾ."

ಅತ್ತೆ ಒಳಗೆ ಹೋದರು. ನಾನೂ ನನ್ನ ಗಂಡನೂ ಸೊಪ್ಪು ಎತ್ತಿ ಹಾಕಿದೆವು, ಹೊಟ್ಟು ತಂದು ಹರಡಿದೆವು, ಹೇಳಿದಂತೆ ದಿನಾ ಗೊರಸು ಕೆರೆದು ಔಷಧಿ ಹಚ್ಚಿದೆವು. ಕುದುರೆ ಮಾತ್ರ ಇದ್ದ ಹಾಗೇ ಇತ್ತು. ಕುಂಟು ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ನನಗೆ ಡಾಕ್ಟರ ಮೇಲೇ ಸಂಶಯ ಬಂತು.

ಅವರು ಮತ್ತೆ ಬಂದು ಕಾಲೆತ್ತಿ ನೋಡಿದಾಗ ಗೊರಸಿನ ಸಂದಿಯಲ್ಲಿ ಒಂದು ಹಸಿ ಎಲೆ ಅಂಟಿತ್ತು. ನಾನು ಕೊಟ್ಟಿಗೆಯ ಮೂಲೆಗೆ ಹೋಗಿ ಹೊಟ್ಟು ಸರಿಸಿದೆ. ಕೆಳಗೆ ಸೊಪ್ಪು. ನಾವು ಒಲೆ ಮುಂದೆ ಇದ್ದ ಹೊತ್ತಿನಲ್ಲಿ ಅತ್ತೆ ದಿನಾ ಹಾಸಿ, ಮೇಲೆ ಹೊಟ್ಟು ಮುಚ್ಚುತ್ತಿದ್ದರು.

"ಬರೀ ನೆಲದ ಮೇಲೆ ಹ್ಯಾಂಗೆ ನಿಲ್ಸದು ಅದನ್ನ, ಚಳಿ ಅಲ್ದಾ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೆ, ನಿಮ್ ಪ್ರೀತಿನೇ ಅದರ ಕಾಲು ಕೊಳೆಸ್ತಾ ಇದೆ. ಅದನ್ನ ವ್ಯಾಪಾರಿಗೆ ಕೊಡೋರು ನಿಮ್ಮಗ ಅಲ್ಲ, ನೀವು," ಎಂದುಬಿಟ್ಟೆ. ಮದುವೆಯಾಗಿ ವರ್ಷ ತುಂಬದ ಸೊಸೆ ಹೊರಗಿನವರ ಎದುರು ಆಡುವ ಮಾತಲ್ಲ ಅದು. ಆದರೆ ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಡಾಕ್ಟರು ನೆಲ ನೋಡಿದರು, ನನ್ನ ಗಂಡ ನನ್ನನ್ನು ದುರುಗುಟ್ಟಿ ನೋಡಿದರು. ಅತ್ತೆ ಕುದುರೆಯ ಹತ್ತಿರ ಹೋಗಿ, ಬಗ್ಗಿ, ಆ ಕಾಲನ್ನು ಬಹಳ ಹೊತ್ತು ನೋಡಿದರು. ಅವರು ಆವರೆಗೆ ಕುದುರೆಯ ಬೆನ್ನು ಸವರಿದ್ದರು, ಕುತ್ತಿಗೆ ತಬ್ಬಿದ್ದರು, ಗೊರಸಿನ ಅಡಿ ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಕೊಟ್ಟಿಗೆಯಲ್ಲಿ ಒಂದೆಲೆಯೂ ಇರಲಿಲ್ಲ. ಅತ್ತೆ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದರು. ಸೊಪ್ಪು ಅಲ್ಲಿ ಬಿತ್ತು, ಲದ್ದಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಅದರ ಮೇಲೆ ಸುರಿದರು. ಗೊಬ್ಬರವೂ ಆಯಿತು, ಹುಲ್ಲೂ ತಪ್ಪಲಿಲ್ಲ. ಆ ಉಪಾಯ ಡಾಕ್ಟರ ಪುಸ್ತಕದಲ್ಲಿ ಇರಲಿಲ್ಲವಂತೆ, ಬೇರೆ ಜಟಕಾದವರಿಗೂ ಅವರು ಅದನ್ನೇ ಹೇಳತೊಡಗಿದರು. ನನ್ನೊಂದಿಗೆ ಮಾತ್ರ ಅತ್ತೆ ಮಾತು ಬಿಟ್ಟಿದ್ದರು. ಗೊರಸು ಕೆರೆಯುವ ಕೆಲಸವನ್ನೂ ನನ್ನ ಕೈಯಿಂದ ಕಿತ್ತುಕೊಂಡಿದ್ದರು.

ಮಳೆ ಹಿಂದಾಯಿತು. ಕುದುರೆ ಮೊದಲು ಅಂಗಳಕ್ಕೆ ಬಂತು, ಆಮೇಲೆ ಬೇಲಿಯವರೆಗೆ, ಒಂದು ದಿನ ಕಲ್ಲುದಾರಿಯ ಮೇಲೆ ನಾಲ್ಕೂ ಕಾಲು ಊರಿ ನಡೆಯಿತು. ನನಗೆ ಅಳು ಬಂತು, ಯಾರಿಗೂ ತೋರಿಸಲಿಲ್ಲ.

ಭೂಮಿ ಹುಣ್ಣಿಮೆಯ ಹಿಂದಿನ ದಿನ, ಸಂತೆಯಲ್ಲಿ ಕುಂಟಿನ ಸುದ್ದಿ ಕೇಳಿದ್ದ ವ್ಯಾಪಾರಿ ಹೇಳದೆ ಕೇಳದೆ ಅಂಗಳಕ್ಕೆ ಬಂದ. ನನ್ನ ಗಂಡ ಬಾಯಿ ತೆರೆಯುವ ಮೊದಲೇ ಅತ್ತೆ ಕುದುರೆಯ ಪಕ್ಕ ನಿಂತರು.

"ಕುಂಟು ಕುದ್ರೆ ಅಂತ ಬಂದ್ರಾ? ನೋಡ್ಕಂಡು ಹೋಗಿ," ಎಂದು ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡರು, ಥೇಟ್ ಆ ಡಾಕ್ಟರ ಹಾಗೆ. ಗೊರಸನ್ನು ಮೂಗಿನ ಹತ್ತಿರ ತಂದು ಮೂಸಿದರು. ಮುಖ ಅರಳಿತು.

"ಕೂಸೇ, ಬಾ ಇಲ್ಲಿ. ನೀನೂ ಮೂಸು," ಎಂದರು.

ಕುದುರೆಯನ್ನು ಕರೆದರು ಎಂದುಕೊಂಡು ನಾನು ನಿಂತಲ್ಲೇ ನಿಂತಿದ್ದೆ. ಅತ್ತೆ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಹೋಗಿ ಅವರ ಪಕ್ಕ ಕೂತು ಮೂಸಿದೆ. ಒಣ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.